ಜಿಂಕೆ ಸುಲಭಕ್ಕೆ ಸಿಗುವ ಕಡೆ ಬೇಟೆಯನ್ನು ಕಷ್ಟ ಮಾಡಿಕೊಳ್ಳುವುದು ಹೇಗೆ? ಟೆಕ್ಸಸ್ ಹಿಲ್ ಕಂಟ್ರಿಯ ಸಮಗ್ರ ಮಾರ್ಗದರ್ಶಿ

ಹಿಲ್ ಕಂಟ್ರಿಯೆಂದರೆ ಟೆಕ್ಸಸ್ ನಡುಭಾಗದ ಗುಡ್ಡಗಾಡು. ಅಲ್ಲಿಯ ರ‍್ಯಾಂಚುಗಳಲ್ಲಿ, ಅಂದರೆ ದನ ಮೇಯಿಸುವ ದೊಡ್ಡ ಜಮೀನುಗಳಲ್ಲಿ, ಬೆಳಗ್ಗೆ ಏಳಕ್ಕೆ ಟೈಮರ್ ಕಟ್ಟಿದ ಫೀಡರ್ ಕರ್ರೆಂದು ತಿರುಗಿ ಮೆಕ್ಕೆಜೋಳ ಎರಚುತ್ತದೆ. ಆ ಸದ್ದಿಗೇ ಜಿಂಕೆಗಳು ಓಡಿ ಬರುತ್ತವೆ. ನೂರು ಗಜ ಆಚೆ ಪೆಟ್ಟಿಗೆಯಂಥ ಗೂಡಿನಲ್ಲಿ ಕುರ್ಚಿ ಹಾಕಿಕೊಂಡು, ದೂರದರ್ಶಕ ಕೂರಿಸಿದ ಕೋವಿಯನ್ನು ಕಿಟಕಿಗೆ ಆನಿಸಿ ಕೂತವನಿಗೆ ಕಾಫಿ ಆರುವ ಮೊದಲೇ ಮಾಂಸ ಸಿಗುತ್ತದೆ. ಇದು ಕಾನೂನುಬದ್ಧ, ತಪ್ಪೇನೂ ಅಲ್ಲ. ಲಾನೋ, ಕರ್ ಕೌಂಟಿಗಳ (ನಮ್ಮ ಜಿಲ್ಲೆ ಇದ್ದಂತೆ) ಸುತ್ತಮುತ್ತ ಅಲ್ಲಿಯದೇ ಆದ ವೈಟ್‌ಟೇಲ್ ಎಂಬ ಬಿಳಿಬಾಲದ ಜಿಂಕೆ ಎಷ್ಟು ದಟ್ಟವಾಗಿದೆಯೆಂದರೆ ಓಕ್ ಮರಗಳಲ್ಲಿ ನಾಲ್ಕೈದು ಅಡಿಯವರೆಗೆ ಚಿಗುರೇ ಉಳಿದಿರುವುದಿಲ್ಲ, ಕತ್ತರಿ ಹಿಡಿದು ಸವರಿದಂತೆ ಕಾಣುತ್ತದೆ. ಹೊಡೆಯುವವರು ಬೇಕೇ ಬೇಕು. ಆದರೆ ಮೂರನೆಯ ವರ್ಷಕ್ಕೆ ಇದು ಅಂಗಡಿಯಿಂದ ಸಾಮಾನು ತಂದಷ್ಟೇ ಸಪ್ಪೆ ಅನ್ನಿಸಿದರೆ ಮುಂದಿನದನ್ನು ಓದಿ.

ಮೊದಲು ಕಾಗದಪತ್ರ

ಬೇಟೆ ಲೈಸೆನ್ಸ್ ಸೆಪ್ಟೆಂಬರ್ 1ರಿಂದ ಮರುವರ್ಷದ ಆಗಸ್ಟ್ 31ರವರೆಗೆ ನಡೆಯುತ್ತದೆ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಸರ್ಟಿಫಿಕೇಟ್ ಬೇಕು. ಬಿಲ್ಲಿಗೆಂದೇ ಮೀಸಲಾದ ಋತುವಿನಲ್ಲಿ ಇಳಿಯುವುದಾದರೆ ಲೈಸೆನ್ಸಿನ ಜೊತೆಗೆ ಬಿಲ್ಲಿನ ಪ್ರತ್ಯೇಕ ಅನುಮತಿಯನ್ನೂ ಕೊಂಡಿರಬೇಕು. ಆ ಋತು ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಶುರುವಾಗುತ್ತದೆ, ಕೋವಿಯ ಋತು ನವೆಂಬರ್ ಮೊದಲ ವಾರ. ಎಷ್ಟು ಹೊಡೆಯಬಹುದೆಂಬುದು ಕೌಂಟಿಗೊಂದು ಬಗೆ. ಹಿಲ್ ಕಂಟ್ರಿಯ ಹಲವು ಕೌಂಟಿಗಳಲ್ಲಿ ಒಬ್ಬರಿಗೆ ಐದು, ಅದರಲ್ಲಿ ಗಂಡು ಎರಡಕ್ಕಿಂತ ಹೆಚ್ಚಿಲ್ಲ. ಆಯಾ ವರ್ಷದ ಪಟ್ಟಿ ನೋಡಿಕೊಂಡೇ ಹೊರಡಿ.

ಎಚ್-1ಬಿ ಥರದ ವೀಸಾದ ಮೇಲಿರುವ ಕನ್ನಡಿಗರು ಇನ್ನೊಂದು ತಿಳಿದಿರಬೇಕು. ವಲಸಿಗರಲ್ಲದ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಹಾಗಾಗಿ ಲೈಸೆನ್ಸ್ ಕೈಗೆ ಬರುವ ಮುನ್ನ ಗೆಳೆಯನ ಕೋವಿಯನ್ನು "ಸುಮ್ಮನೆ ಹಿಡಿದು ನೋಡುವೆ" ಅನ್ನಬೇಡಿ. ಲೈಸೆನ್ಸ್ ಮುಗಿಯುವ ದಿನವನ್ನೂ ನೆನಪಿಡಿ. ಬಿಲ್ಲಿಗೆ ಈ ತಲೆನೋವಿಲ್ಲ, ಅದು ಬಂದೂಕಿನ ವ್ಯಾಖ್ಯೆಗೇ ಬರುವುದಿಲ್ಲ.

ಟೆಕ್ಸಸ್‌ನ ನೆಲ ಬಹುಪಾಲು ಖಾಸಗಿ. ಮಾಲೀಕರ ಅನುಮತಿ ಕಾಗದದಲ್ಲಿರಲಿ. ಬೇಲಿ ಕಂಬ ಅಥವಾ ಮರದ ಕಾಂಡದ ಮೇಲೆ ನೇರಳೆ ಬಣ್ಣದ ಉದ್ದ ಗೀಟು ಕಂಡರೆ ಅದೇ "ಒಳಗೆ ಬರಬೇಡಿ" ಎಂಬ ಬೋರ್ಡು, ಅಕ್ಷರ ಇಲ್ಲದಿದ್ದರೂ ಕಾನೂನಿಗೆ ಅಷ್ಟು ಸಾಕು.

ಕಷ್ಟ ಎಲ್ಲಿರಬೇಕು, ಎಲ್ಲಿರಬಾರದು

ಬೇಟೆಯಲ್ಲಿ ಮೂರು ಕೆಲಸ: ಹುಡುಕುವುದು, ಹತ್ತಿರವಾಗುವುದು, ಹೊಡೆಯುವುದು. ಮೊದಲ ಎರಡನ್ನು ಎಷ್ಟು ಬೇಕಾದರೂ ಕಠಿಣ ಮಾಡಿಕೊಳ್ಳಿ. ಮೂರನೆಯದು ಮಾತ್ರ ನೀರು ಕುಡಿದಷ್ಟು ಸುಲಭವಾಗಿರಬೇಕು. ಬೇಸರ ಬಂದವರು ಸಾಮಾನ್ಯವಾಗಿ ಮಾಡುವುದು ಇದರ ತಿರುಗುಮುರುಗು. ದೊಡ್ಡ ದೂರದರ್ಶಕ ಕೊಂಡು 400 ಗಜದಿಂದ ಈಡು ಹೊಡೆಯುತ್ತಾರೆ, ಅದನ್ನೇ ಸವಾಲು ಅನ್ನುತ್ತಾರೆ. ಆ ಸವಾಲಿನಲ್ಲಿ ಸೋತರೆ ದವಡೆ ಮುರಿದುಕೊಂಡು ವಾರಗಟ್ಟಲೆ ನರಳುವುದು ಜಿಂಕೆ, ಹೊಡೆದವನಲ್ಲ. ಹತ್ತಿರ ಹೋಗಲು ಸೋತವನು ಬರಿಗೈಲಿ ಮನೆಗೆ ಬರುತ್ತಾನೆ, ಅಷ್ಟೇ.

ಒಂದು ಋತುವಿಗೆ ಒಂದೇ ಕಟ್ಟುಪಾಡು ಹಾಕಿಕೊಳ್ಳಿ. ಮೊದಲ ವರ್ಷ ಅದೇ ಕೋವಿ, ಆದರೆ ಫೀಡರ್ ಇಲ್ಲ, ಗೂಡು ಇಲ್ಲ, ನೆಲದ ಮೇಲೆ ನಡೆದು 75 ಗಜದೊಳಗೆ ಹೋಗಬೇಕು. ಎರಡನೆಯ ವರ್ಷ ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲು, 25 ಗಜದೊಳಗೆ. ಮೂರನೆಯದಕ್ಕೆ ರಾಟೆಯಿಲ್ಲದ, ತುದಿ ಮುಂದಕ್ಕೆ ಬಾಗಿದ ರಿಕರ್ವ್ ಅಥವಾ ಉದ್ದಬಿಲ್ಲು. ಗಾಳಿ ಓದಲು ಬಾರದವರು ಮೊದಲ ವರ್ಷವೇ ರಿಕರ್ವ್ ಹಿಡಿದರೆ ಒಂದೋ ಇಡೀ ಋತುವಿನಲ್ಲಿ ಜಿಂಕೆಯ ಬಾಲವಷ್ಟೇ ನೋಡುತ್ತಾರೆ, ಇಲ್ಲವೇ ಹತಾಶೆಯಲ್ಲಿ 35 ಗಜದಿಂದ ಬಾಣ ಬಿಡುತ್ತಾರೆ.

ಈ ಕಟ್ಟುಪಾಡು ಮುರಿಯುವುದು ಡಿಸೆಂಬರ್ ಕೊನೆಯ ವಾರದಲ್ಲಿ, ಫ್ರೀಜರ್ ಖಾಲಿ ಇದ್ದಾಗ. ಮದ್ದು ಸರಳ: ಮನೆಗೆ ಮಾಂಸ ಬೇಕೆಂದಿದ್ದರೆ ನವೆಂಬರಿನಲ್ಲೇ ಒಂದು ದಿನ ಕೋವಿಯಿಂದ ಒಂದು ಹೆಣ್ಣು ಜಿಂಕೆ ಹೊಡೆದು ಮುಗಿಸಿ. ಹೊಟ್ಟೆಯ ಲೆಕ್ಕ ತೀರಿದ ಮೇಲೆ ಉಳಿದ ದಿನಗಳಲ್ಲಿ ಸೋಲಲು ಧೈರ್ಯ ಬರುತ್ತದೆ.

ಫೀಡರಿನಿಂದ ದೂರ: ನೆಲ ಓದುವುದು

ಮುದಿ ಜಿಂಕೆ ಜೋಳ ತಿನ್ನುವುದಿಲ್ಲವೆಂದಲ್ಲ. ಬೆಳಕಿರುವಾಗ ಬಯಲಿಗೆ ಬರುವುದಿಲ್ಲ. ಫೀಡರಿನ ಗಾಳಿಮರೆಗೆ 80ರಿಂದ 150 ಗಜ ಆಚೆ, ಸೀಡರ್ ಪೊದೆಯಲ್ಲಿ ನಿಂತು ಮೂಗಿನಿಂದಲೇ ಇಡೀ ಜಾಗವನ್ನು ತಪಾಸಣೆ ಮಾಡಿ, ಕತ್ತಲಾದ ಮೇಲೆ ಕಾಲಿಡುತ್ತದೆ. ಆ ನಿಲ್ಲುವ ತಾಣ ಹುಡುಕುವುದು ಮೊದಲ ಪಾಠ. ಅಲ್ಲಿ ಹಿಕ್ಕೆ ಒಂದೇ ಕಡೆ ಹೆಚ್ಚು ಬಿದ್ದಿರುತ್ತದೆ, ಕೈಬೆರಳು ದಪ್ಪದ ಸಸಿಗಳ ತೊಗಟೆಯನ್ನು ಗಂಡು ಕೊಂಬಿನಿಂದ ಉಜ್ಜಿರುತ್ತದೆ.

ಅದಕ್ಕಿಂತ ಖಚಿತವಾದ ಜಾಗ ಬೇಲಿ. ಇಲ್ಲಿಯ ಜಿಂಕೆ ಬೇಲಿ ಹಾರಬಲ್ಲದು, ಆದರೂ ನುಸುಳುವುದೇ ಹೆಚ್ಚು. ಬೇಲಿಯುದ್ದಕ್ಕೂ ನಡೆದು ಕೆಳತಂತಿಗೆ ಸಿಕ್ಕ ಕೂದಲು, ಅದರಡಿಯ ನುಣುಪಾದ ಮಣ್ಣು ನೋಡಿ. ಮಲೆನಾಡಿನ ಹಳಬರು ಕಂಡಿ ಅನ್ನುತ್ತಿದ್ದುದು ಇದನ್ನೇ. ಒಂದು ಮೈಲಿ ಬೇಲಿಯಲ್ಲಿ ಇಂಥವು ಮೂರೋ ನಾಲ್ಕೋ ಸಿಗುತ್ತವೆ. ಕಾಗದದ ಮೇಲೆ ಗುರುತು ಹಾಕಿ ಗೆರೆ ಎಳೆದು ಸೇರಿಸಿದರೆ ಜಿಂಕೆಯ ದಿನಚರಿ ಕಾಣತೊಡಗುತ್ತದೆ.

ಅಕ್ಟೋಬರಿನಲ್ಲಿ ಓಕ್ ಕಾಯಿ ಉದುರುತ್ತದೆ. ಕಾಯಿ ಸಮೃದ್ಧವಾದ ವರ್ಷ ಫೀಡರಿನ ಕೆಳಗೆ ಜೋಳ ಹಾಗೇ ಬಿದ್ದಿರುತ್ತದೆ, ಗೂಡಿನಲ್ಲಿ ಕೂತವರು "ಈ ಸಲ ಜಿಂಕೆಯೇ ಇಲ್ಲ" ಎಂದು ಗೊಣಗುತ್ತಾರೆ. ನೀವು ಸೆಪ್ಟೆಂಬರಿನಲ್ಲೇ ದುರ್ಬೀನಿನಿಂದ ಕೊಂಬೆಗಳನ್ನು ನೋಡಿ ಯಾವ ಮರ ಕಾಯಿ ಹಿಡಿದಿದೆಯೆಂದು ಬರೆದಿಟ್ಟುಕೊಳ್ಳಿ. ಪಕ್ಕಪಕ್ಕದ ಮರಗಳಲ್ಲೂ ಒಂದು ಬಂಜೆ, ಇನ್ನೊಂದರಲ್ಲಿ ಕಾಯಿ ತುಂಬಿರುವುದುಂಟು.

ಗಾಳಿಯ ವಿಷಯದಲ್ಲಿ ಹವಾಮಾನದ ಆ್ಯಪ್ ನಂಬಬೇಡಿ. ಅದು ಹೇಳುವುದು ವಿಶಾಲ ಬಯಲಿನ ಗಾಳಿ. ಕಣಿವೆಯೊಳಗೆ ಬಿಸಿಲೇರಿದಂತೆ ಗಾಳಿ ಇಳಿಜಾರನ್ನು ಹತ್ತುತ್ತದೆ, ಸಂಜೆ ನೆಲ ತಣಿದಂತೆ ಹಳ್ಳದ ಕಡೆಗೆ ಜಾರುತ್ತದೆ. ಆದ್ದರಿಂದ ಬಿಸಿಲೇರುವ ಹೊತ್ತಿಗೆ ಮೇಲುಮಗ್ಗುಲು, ಸಂಜೆ ಕೆಳಮಗ್ಗುಲು. ಎಕ್ಕದ ಕಾಯಿ ಒಡೆದಾಗ ಹಾರುವ ಹತ್ತಿಯಂಥ ಎಳೆ ಅಲ್ಲಿಯ ಮಿಲ್ಕ್‌ವೀಡ್ ಗಿಡದಲ್ಲೂ ಇರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಒಂದೆಳೆ ಹಾರಿಬಿಟ್ಟು 30 ಗಜದವರೆಗೂ ಕಣ್ಣಲ್ಲೇ ಹಿಂಬಾಲಿಸಿ. ಪುಡಿ ಊದುವ ಸೀಸೆ ಎರಡು ಗಜದ ಗಾಳಿ ತೋರಿಸುತ್ತದೆ, ಈ ಎಳೆಯಾದರೋ ಗಾಳಿ ಎಲ್ಲಿ ಸುಳಿ ತಿರುಗುತ್ತದೆಂಬುದನ್ನೂ ತೋರಿಸುತ್ತದೆ. ಅದು ಜಿಂಕೆ ಬರುವ ದಿಕ್ಕಿಗೇ ಹೋದರೆ ಎದ್ದು ಹೊರಡಿ. ಅಲ್ಲಿ ಕೂತರೆ ಅವತ್ತಿನ ಸಂಜೆ ಹೋಗುವುದು ಸಣ್ಣ ಮಾತು. ಆ ಜಾಗದಲ್ಲಿ ಮನುಷ್ಯನಿದ್ದಾನೆಂದು ಜಿಂಕೆಗೆ ಕಲಿಸಿದಂತಾಗುತ್ತದೆ.

ಬಿಲ್ಲು ಸಜ್ಜು ಮಾಡುವುದು

ಹೊಸಬರು ಎಳೆಯಲು 50, 55 ಪೌಂಡು ಬಲ ಬೇಡುವ ರಿಕರ್ವ್ ಕೊಂಡು ಭುಜ ನೋಯಿಸಿಕೊಳ್ಳುತ್ತಾರೆ. ಅಭ್ಯಾಸಕ್ಕೆ 35 ಪೌಂಡು, ನಿಧಾನಕ್ಕೆ ಬೇಟೆಗೆ 45ರಿಂದ 50 ಪೌಂಡು. ಬಾಣದ ಒಟ್ಟು ತೂಕ ಬಿಲ್ಲಿನ ಪ್ರತಿ ಪೌಂಡಿಗೆ ಸುಮಾರು 10 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಇರಲಿ, ಅಂದರೆ 50 ಪೌಂಡಿಗೆ 500 ಗ್ರೇನ್. ಹಗುರ ಬಾಣ ವೇಗವಾಗಿ ಹೋಗುತ್ತದೆ ನಿಜ, ಆದರೆ ಬಿಲ್ಲು ಜೋರಾಗಿ ಸದ್ದು ಮಾಡುತ್ತದೆ, ಮೂಳೆಗೆ ತಗುಲಿದರೆ ನಿಲ್ಲುತ್ತದೆ.

ಗರಿ ತೆಗೆದ ಒಂದು ಬಾಣವನ್ನೂ ಗರಿಯಿರುವ ಮೂರನ್ನೂ 15 ಗಜದಿಂದ ಬಿಟ್ಟು ನೋಡಿ. ಬಲಗೈಯವರಿಗೆ ಬೋಳು ಬಾಣ ಎಡಕ್ಕೆ ಬಿದ್ದರೆ ಕಡ್ಡಿ ಅತಿ ಬಿರುಸು: ಮೊನೆಯ ತೂಕ ಹೆಚ್ಚಿಸಿ ಅಥವಾ ಮೆತ್ತನೆಯ ಕಡ್ಡಿ ತನ್ನಿ. ಬಲಕ್ಕೆ ಬಿದ್ದರೆ ಮೆತ್ತಗಾಯಿತು: ಕಡ್ಡಿಯನ್ನು ಕಾಲಂಗುಲದಂತೆ ಕತ್ತರಿಸುತ್ತ ಬನ್ನಿ, ಒಮ್ಮೆಲೇ ಒಂದು ಅಂಗುಲ ಕತ್ತರಿಸಿದರೆ ಕಡ್ಡಿ ದಂಡ. ಎಡಗೈಯವರಿಗೆ ಇದೆಲ್ಲ ಉಲ್ಟಾ. ಬೋಳು ಬಾಣ ಮಿಕ್ಕವುಗಳ ಜೊತೆಗೇ ಬೀಳುವವರೆಗೆ ಬೇಟೆಯ ಅಲಗುಮೊನೆ ಹಾಕಬೇಡಿ, ಹೊಂದದ ಕಡ್ಡಿಗೆ ಅಲಗು ಹಾಕಿದರೆ ಬಾಣ ಗಾಳಿಪಟದಂತೆ ಓಲಾಡುತ್ತದೆ. ಅಲಗು ಎರಡು ಬಾಯಿಯದು, ಕೈಮೇಲಿನ ಕೂದಲು ಬೋಳಿಸುವಷ್ಟು ಹರಿತವಾಗಿರಲಿ. ಹೆದೆಗೆ ಎರಡೂ ಕಡೆ ಉಣ್ಣೆಯ ಕುಚ್ಚು ಕಟ್ಟಿದರೆ ಸದ್ದು ಇಳಿಯುತ್ತದೆ.

ಸದ್ದಿಗೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆಂದರೆ, ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 175 ಅಡಿ ಹೋಗುತ್ತದೆ, ಸದ್ದು 1,100 ಅಡಿ ದಾಟುತ್ತದೆ. 20 ಗಜ, ಅಂದರೆ 60 ಅಡಿ ದೂರಕ್ಕೆ ಸದ್ದು ತಲುಪಲು 0.05 ಸೆಕೆಂಡು, ಬಾಣಕ್ಕೆ 0.34. ನಡುವಿನ ಹೊತ್ತಿನಲ್ಲಿ ಬೆಚ್ಚಿದ ಜಿಂಕೆ ಜಿಗಿಯಲು ಮೊದಲು ಕಾಲು ಮಡಿಸಿ ಕುಸಿಯುತ್ತದೆ, ಬೆನ್ನು ಅಂಗೈ ಅಗಲ ಕೆಳಗಿಳಿಯುತ್ತದೆ, ಬಾಣ ಮೇಲೆ ಹಾದುಹೋಗುತ್ತದೆ ಅಥವಾ ಬೆನ್ನಿಗೆ ಸಿಗುತ್ತದೆ. 12 ಗಜಕ್ಕೆ ಬಾಣ 0.21 ಸೆಕೆಂಡಿನಲ್ಲೇ ತಲುಪುತ್ತದೆ, ಕುಸಿಯಲು ಸಮಯ ಸಾಲದು. ಹಾಗಾಗಿ ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ ಇಡಿ. ಕಿವಿ ನೆಟ್ಟಗೆ ನಿಮ್ಮತ್ತ ತಿರುಗಿಸಿ ನಿಂತ ಜಿಂಕೆಗೆ ಬಾಣ ಬಿಡಲೇಬೇಡಿ.

ನಿಮ್ಮ ದೂರ ಎಷ್ಟೆಂದು ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. ಜೂನಿನಿಂದಲೇ ಶುರು ಮಾಡಿ, ದಿನಕ್ಕೆ 40 ಬಾಣ ಸಾಕು. ಸೆಪ್ಟೆಂಬರಿನಲ್ಲಿ 6 ಅಂಗುಲದ ಕಾಗದದ ತಟ್ಟೆ ನೇತುಹಾಕಿ, ದಿನದ ಮೊದಲ ಬಾಣವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಕೈ ಬಿಸಿಯಾದ ಮೇಲಿನ ಮೂವತ್ತನೆಯ ಬಾಣ ಕಾಡಿನಲ್ಲಿ ಸಿಗುವುದಿಲ್ಲ. ಮಂಡಿಯೂರಿ, ಸ್ಟೂಲಿನ ಮೇಲೆ ಕೂತು, ಬೇಟೆಯ ಬಟ್ಟೆ ತೊಟ್ಟು ಬಿಡಿ. 20 ದಿನದಲ್ಲಿ 19 ಸಲ ತಟ್ಟೆಗೆ ಬಿದ್ದ ದೂರ ಯಾವುದೋ ಅದರಲ್ಲಿ 3 ಗಜ ಕಳೆದರೆ ನಿಮ್ಮ ಎಲ್ಲೆ. ಬಹುಪಾಲು ಜನರಿಗೆ ಅದು 12ರಿಂದ 18 ಗಜ. ಅವಮಾನ ಅನ್ನಿಸಬಹುದು, ಆದರೆ ಆ ಸಂಖ್ಯೆಯೇ ನಿಮ್ಮ ಇಡೀ ಋತುವಿನ ಸವಾಲು.

ಹೆಜ್ಜೆಗೊಂದು ಗಳಿಗೆ

ಹಿಲ್ ಕಂಟ್ರಿಯ ಲೈವ್ ಓಕ್ ಗಿಡ್ಡ, ಸೊಟ್ಟ. ಅಟ್ಟಣೆ ಏರಿಸಲು ಲಾಯಕ್ಕಲ್ಲ. ನೆಲದ ಬೇಟೆಗೆ ಅದೇ ಅನುಕೂಲ, ಮರೆ ಬೇಕಾದಷ್ಟು. ಕಷ್ಟವೆಂದರೆ ಸುಣ್ಣಕಲ್ಲಿನ ಜಲ್ಲಿ. ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಮಳೆ ನಿಂತ ಮರುಬೆಳಗ್ಗೆ ಅಥವಾ ಗಂಟೆಗೆ 10ರಿಂದ 15 ಮೈಲಿ ಗಾಳಿ ಬೀಸುವ ದಿನ ಆರಿಸಿಕೊಳ್ಳಿ. ಗಾಳಿಯೇ ಆಡದ ದಿನ ನಡೆಯುವುದು ವ್ಯರ್ಥ, ಕಂಡಿಯ ಬಳಿ ಅಡಗಿ ಮರಸು ಕೂರಿ.

ಎರಡು ಮೂರು ಹೆಜ್ಜೆ, ಆಮೇಲೆ ಮೂರರಿಂದ ಐದು ನಿಮಿಷ ನಿಲುಗಡೆ. ಗಂಟೆಗೆ ಮೂವತ್ತು ನಲವತ್ತು ಗಜ ಕ್ರಮಿಸಿದರೆ ಸರಿಯಾದ ವೇಗ, ನೂರಾದರೆ ಓಡುತ್ತಿದ್ದೀರಿ. ನಿಲ್ಲುವುದು ಸದಾ ಕಾಂಡಕ್ಕೆ ಒರಗಿ, ಅದೂ ನೆರಳಿನಲ್ಲಿ. ಬಯಲಿನ ಮಧ್ಯೆ ನಿಲ್ಲಬೇಡಿ. 8 ಪಟ್ಟಿನ ದುರ್ಬೀನಿನಿಂದ ಹತ್ತಿರದ್ದು ಮೊದಲು, ದೂರದ್ದು ಆಮೇಲೆ ನೋಡಿ. ಇಡೀ ಜಿಂಕೆಯನ್ನು ಹುಡುಕಿದರೆ ಕಾಣುವುದಿಲ್ಲ. ಮರಗಳೆಲ್ಲ ನೆಟ್ಟಗೆ ನಿಂತಿರುವಲ್ಲಿ ಒಂದು ಅಡ್ಡಗೆರೆ, ಅದು ಬೆನ್ನು. ಎಲೆ ಅಲುಗದಿದ್ದಾಗ ಅಲುಗಿದ್ದು ಕಿವಿ.

ಜಿಂಕೆಗೆ ಕೆಂಪು, ಕಿತ್ತಳೆ ಸರಿಯಾಗಿ ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ನೀಲಿ ಜೀನ್ಸ್ ಬೇಡ, ಹೊಳಪು ಕೊಡುವ ಡಿಟರ್ಜೆಂಟಿನಲ್ಲಿ ಒಗೆದ ಬಟ್ಟೆಯೂ ಬೇಡ. ಅದೇ ಕಾರಣಕ್ಕೆ ಕಿತ್ತಳೆ ಅಂಗಿ ತೊಟ್ಟರೆ ಬೇಟೆ ಕೆಡುವುದಿಲ್ಲ. ಖಾಸಗಿ ಜಮೀನಿನಲ್ಲಿ ಅದು ಕಡ್ಡಾಯವಲ್ಲ, ಆದರೆ ಅದೇ ರ‍್ಯಾಂಚಿನಲ್ಲಿ ಇನ್ನೊಬ್ಬರ ಕೈಲಿ ಕೋವಿ ಇರುವ ದಿನ ತೊಡದೆ ನಡೆಯುವುದು ಮೂರ್ಖತನ. ಬೆಚ್ಚಗಿನ ದಿನಗಳಲ್ಲಿ ರ‍್ಯಾಟಲ್ ಸ್ನೇಕ್ ಅಡ್ಡಾಡುತ್ತದೆ, ಬಾಲದಲ್ಲಿ ಗಿಲಕಿ ಆಡಿಸುವ ವಿಷದ ಹಾವು. ಮಂಡಿಯವರೆಗಿನ ಹಾವಿನ ಕವಚ ಕಟ್ಟಿ, ತೆವಳುವ ಮುನ್ನ ಪಾಪಾಸುಕಳ್ಳಿಯ ಬುಡ ನೋಡಿ.

ಯಾವುದನ್ನು ಹೊಡೆಯಬೇಕು

ಕೊಂಬಿನ ಅಳತೆಯೊಂದೇ ಸವಾಲು ಅಂದುಕೊಂಡವರು ಮುದಿ ಹೆಣ್ಣಿನ ಎದುರು ಒಮ್ಮೆ ಕೂತು ನೋಡಲಿ. ಹಿಂಡು ನಡೆಸುವುದು ಅದು. ಮುಖ ಉದ್ದ, ಹೊಟ್ಟೆ ಜೋಲು, ನಡಿಗೆ ನಿಧಾನ. ಅನುಮಾನ ಬಂದರೆ ಮುಂಗಾಲು ನೆಲಕ್ಕೆ ಬಡಿಯುತ್ತದೆ. ಆಮೇಲೆ ಮೇಯುವಂತೆ ತಲೆ ತಗ್ಗಿಸಿ, ಥಟ್ಟನೆ ಎತ್ತಿ ನೋಡುತ್ತದೆ. ಅದು ನಾಟಕ. ಮೊದಲ ಸಲ ತಲೆ ತಗ್ಗಿದಾಗ ಬಿಲ್ಲು ಎಳೆದವರೆಲ್ಲ ಸಿಕ್ಕಿಬಿದ್ದಿದ್ದಾರೆ. ಬಾಲ ಒಮ್ಮೆ ಬೀಸಿ ನಿಜವಾಗಿ ಮೇಯಲು ತೊಡಗುವವರೆಗೆ, ಇಲ್ಲವೇ ತಲೆ ಮರದ ಹಿಂದೆ ಹೋಗುವವರೆಗೆ ಕಾಯಿರಿ. ಜಿಂಕೆ ಮಿತಿಮೀರಿದ ಜಾಗದಲ್ಲಿ ಸಂಖ್ಯೆ ಇಳಿಯುವುದೂ ಹೆಣ್ಣು ಹೊಡೆದರೆ ಮಾತ್ರ.

ಒಂಟಿಯಾಗಿ ಮೊದಲು ಬಂದ, ಮೋಟು ಮುಖದ "ಹೆಣ್ಣು" ಬಹುಶಃ ಅದೇ ವರ್ಷದ ಗಂಡುಮರಿ. ಕಿವಿಗಳ ನಡುವೆ ಕೊಂಬಿನ ಮೊಗ್ಗು ಇದೆಯೇ ನೋಡಿ. ಗಂಡಿನ ವಯಸ್ಸು ಮೈಯಲ್ಲಿ ತಿಳಿಯುತ್ತದೆ. ಕೊಂಬು ಅಂಟಿಸಿದ ಹೆಣ್ಣಿನಂತೆ ಕತ್ತು ತೆಳ್ಳಗೆ, ಕಾಲು ಉದ್ದ ಕಂಡರೆ ಒಂದೂವರೆ ವರ್ಷ. ಕತ್ತು ನೇರ ಎದೆಗೆ ಸೇರಿ, ಬೆನ್ನು ಬಾಗಿ, ಕಾಲು ಗಿಡ್ಡವೆಂಬಂತೆ ಕಂಡರೆ ನಾಲ್ಕು ದಾಟಿದೆ.

ಇಲ್ಲಿ ಇನ್ನೊಂದು ಜಿಂಕೆಯೂ ಇದೆ, ನಮ್ಮೂರಿನದೇ. ಬಂಡೀಪುರ, ನಾಗರಹೊಳೆಯಲ್ಲಿ ಕಾಣುವ ಚುಕ್ಕೆ ಜಿಂಕೆಯನ್ನು ಟೆಕ್ಸಸ್‌ಗೆ 1932ರಲ್ಲಿ ತಂದುಬಿಟ್ಟರು, ಅಲ್ಲಿಯವರು ಆ್ಯಕ್ಸಿಸ್ ಅನ್ನುತ್ತಾರೆ. ಹೊರಗಿನ ಪ್ರಾಣಿಯಾದ್ದರಿಂದ ಲೈಸೆನ್ಸ್ ಮತ್ತು ಮಾಲೀಕರ ಒಪ್ಪಿಗೆ ಇದ್ದರೆ ವರ್ಷವಿಡೀ ಹೊಡೆಯಬಹುದು, ಸಂಖ್ಯೆಯ ಮಿತಿ ಇಲ್ಲ. ಸುಲಭ ಅನ್ನಿಸುತ್ತದೆ, ಆದರೆ ಸುಲಭವಲ್ಲ. ವೈಟ್‌ಟೇಲ್ ಎಲೆ ಚಿಗುರಿನ ಪ್ರಾಣಿ, ಪೊದೆಯಂಚಿನಲ್ಲಿ ಒಂದೆರಡು ಇರುತ್ತವೆ. ಇವು ಹುಲ್ಲಿಗೆ ಬಯಲಿನಲ್ಲಿ ಹಿಂಡಾಗಿ ನಿಲ್ಲುತ್ತವೆ, ಇಪ್ಪತ್ತು ಜಿಂಕೆಯೆಂದರೆ ನಲವತ್ತು ಕಣ್ಣು. ಮರದ ಮೇಲಿಂದ ಕೂಗಿ ಎಚ್ಚರಿಸುವ ಮುಸುವ ಇಲ್ಲಿಲ್ಲ, ಹುಲಿಯೂ ಇಲ್ಲ, ಆದರೆ ಆ ಹೆದರಿಕೆ ಮಾತ್ರ ಉಳಿದುಕೊಂಡಿದೆ. ಒಂದು ಕೂಗಿದರೆ ಅಷ್ಟೂ ಮಾಯ. ಬಿಲ್ಲು ಹಿಡಿದು ಬಯಲಿನಲ್ಲಿ ತೆವಳುವ ಬದಲು ಮೂರು ದಿನ ದೂರದಿಂದ ನೋಡಿ, ಹಿಂಡು ಬಯಲಿಗಿಳಿಯುವ ಮೂಲೆಯನ್ನು ಮೊದಲೇ ಹಿಡಿದು ಕೂರಿ. ಹಿಂಡಿನ ಮುಂದಿನದನ್ನು ಬಿಟ್ಟು ಕೊನೆಯದಕ್ಕೆ ಕಾಯಿರಿ, ಆಗ ಕಣ್ಣುಗಳೆಲ್ಲ ಆಚೆ ತಿರುಗಿರುತ್ತವೆ.

ಬಾಣ ಬಿಟ್ಟ ಮೇಲೆ

ಪೂರ್ತಿ ಅಡ್ಡಲಾಗಿ ನಿಂತಾಗ ಅಥವಾ ಓರೆಯಾಗಿ ಆಚೆ ತಿರುಗಿದಾಗ ಮಾತ್ರ ಬಿಡಿ. ಎದುರಾಗಿ ನಿಂತದ್ದು, ನಿಮ್ಮತ್ತ ಓರೆಯಾದದ್ದು ಬೇಡ, ಎದೆಮೂಳೆ ಮತ್ತು ಭುಜ ಬಾಣವನ್ನು ತಡೆಯುತ್ತವೆ. ಬಾಣ ಬಿಟ್ಟ ಕೂಡಲೇ ಜಿಂಕೆ ನಿಂತಿದ್ದ ಜಾಗ, ಕೊನೆಯದಾಗಿ ಕಂಡ ಮರ ಎರಡನ್ನೂ ಗುರುತಿಟ್ಟು ಗಡಿಯಾರ ನೋಡಿ.

ಬಾಣ ಪರೀಕ್ಷಿಸಿ. ಗುಲಾಬಿ ಛಾಯೆಯ ನೊರೆರಕ್ತವಾದರೆ ಶ್ವಾಸಕೋಶ, ಅರ್ಧ ಗಂಟೆ ಕಾದರೆ ಸಾಕು. ಕಡುಗೆಂಪಾದರೆ ಯಕೃತ್ತು, ನಾಲ್ಕು ಗಂಟೆ. ಹಸಿರು ಕೊಳೆ, ದುರ್ವಾಸನೆ ಇದ್ದರೆ ಹೊಟ್ಟೆ, ಎಂಟರಿಂದ ಹನ್ನೆರಡು ಗಂಟೆ. ಅವಸರಕ್ಕೆ ಹಿಂಬಾಲಿಸಿದರೆ ಮಲಗಿದ್ದ ಜಿಂಕೆ ಎದ್ದು ಅರ್ಧ ಮೈಲಿ ಓಡುತ್ತದೆ, ಜಾಡೇ ಸಿಗದು. ಬಿಸಿಲಿನ ಟೆಕ್ಸಸ್‌ನಲ್ಲಿ ಅಷ್ಟು ಹೊತ್ತು ಬಿಟ್ಟರೆ ಮಾಂಸ ಕೆಡುವುದೂ ಹೌದು. ಇದಕ್ಕೇ ಬಿಲ್ಲಿನವರು ಕಾನೂನು ಬೇಟೆಗೆ ಬಿಟ್ಟ ಬೆಳಕಿನ ಹೊತ್ತಿನ ಕೊನೆಯ ಹತ್ತು ನಿಮಿಷವನ್ನು ತಾವಾಗಿಯೇ ಬಿಟ್ಟುಕೊಡಬೇಕು. ಜಾಡು ಹಿಡಿಯುವ ನಾಯಿ ಸಾಕಿದವರ ನಂಬರು ಋತುವಿನ ಮೊದಲೇ ಫೋನಿನಲ್ಲಿರಲಿ.

ವೈಟ್‌ಟೇಲ್ ಆದರೆ ಸಿಕ್ಕ ಕೂಡಲೇ ಲೈಸೆನ್ಸಿನ ಜೊತೆ ಬರುವ ಟ್ಯಾಗ್ ಕಟ್ಟಿ. ಆಮೇಲೆ ಕರುಳು ತೆಗೆದು, ನಾಲ್ಕು ತೊಡೆ ಬಿಡಿಸಿ, ಐಸ್ ಪೆಟ್ಟಿಗೆಗೆ. ಪೆಟ್ಟಿಗೆಯ ತೂತು ತೆರೆದಿಡಿ, ಮಾಂಸ ನೀರಿನಲ್ಲಿ ನೆನೆಯಬಾರದು. 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮೂರು ನಾಲ್ಕು ದಿನ ಇಟ್ಟು ತುಂಡು ಮಾಡಿ. ಕೊಬ್ಬಿಲ್ಲದ ಮಾಂಸವಾದ್ದರಿಂದ ಕುರಿಮಾಂಸದ ಲೆಕ್ಕದಲ್ಲಿ ಎಣ್ಣೆ ಹಾಕಿದರೆ ಸಾಲದು, ಬೆನ್ನಿನ ಭಾಗವನ್ನಂತೂ ಕುಕ್ಕರಿಗೆ ಹಾಕಲೇಬೇಡಿ. ಟೆಕ್ಸಸ್‌ನಲ್ಲಿ 2012ರಿಂದ ಸಿಡಬ್ಲ್ಯುಡಿ ಎಂಬ ಜಿಂಕೆರೋಗ ಕಾಣಿಸಿಕೊಂಡಿದೆ. ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ, ಆದರೂ ರೋಗದ ವಲಯದಲ್ಲಿ ಹೊಡೆದಿದ್ದರೆ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬಂದ ಮೇಲೆ ತಿನ್ನಿ.

ಕೊಂಬನ್ನು ಮಾತ್ರ ಊರಿಗೆ ತರುವ ಯೋಚನೆ ಬಿಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚುಕ್ಕೆ ಜಿಂಕೆಯ ಬೇಟೆ ಅಪರಾಧ, ಅದರ ಕೊಂಬು ಮನೆಯಲ್ಲಿದ್ದರೂ ಉತ್ತರ ಕೊಡಬೇಕಾಗುತ್ತದೆ. 2023ರಲ್ಲಿ ಕರ್ನಾಟಕದಲ್ಲಿ ಹುಲಿಯುಗುರಿನ ಪೆಂಡೆಂಟುಗಳಿಗೆ ಆದ ಗತಿ ನೆನಪಿರಬಹುದು. ಅದು ಟೆಕ್ಸಸ್‌ನದೆಂದು ಏರ್‌ಪೋರ್ಟಿನಲ್ಲಿ ವಿವರಿಸುವುದು 12 ಗಜಕ್ಕೆ ನುಸುಳುವುದಕ್ಕಿಂತ ಕಷ್ಟ.